ಮಲಗದ ನಾಲ್ಕನೆಯ ಗೋಡೆ

ತಗಡಿನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅವಳಿಗೆ ತಗಡಕ್ಕ ಎಂದು ಹೆಸರು ಬಿದ್ದಿತ್ತು. ಆ ಹೆಸರಿಗೆ ಮೊದಲು ನಕ್ಕವಳು ಅವಳೇ. ಕಂಪ್ಯೂಟರಿನಲ್ಲಿ ಮಡಚಿದ ಪೆಟ್ಟಿಗೆಯನ್ನು ಮತ್ತೆ ಚಪ್ಪಟೆ ಹಾಳೆಯಾಗಿ ಬಿಡಿಸಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಬಗ್ಗಿಸಬೇಕು ಎಂದು ತೋರಿಸುವ ನಕ್ಷೆ ತೆಗೆಯುವುದು ಅವಳ ಕೆಲಸ. ಯಾರದಾದರೂ ಪೆಟ್ಟಿಗೆ ಬಿಚ್ಚಿಕೊಳ್ಳದೆ ಹಟ ಹಿಡಿದರೆ ಅವಳ ಮೇಜಿಗೇ ಬರುತ್ತಿತ್ತು. "ಊರವರ ಡಬ್ಬ ಎಲ್ಲಾ ಮಡಚ್ತೀಯ, ನನ್ನ ಅಂಗಿ ಮಾತ್ರ ಮಡಚೋಕೆ ಬರಲ್ಲ" ಎಂದು ಮನೆಯಲ್ಲಿ ಗಂಡ ರೇಗಿಸುತ್ತಿದ್ದ.

ಈ ವಿದ್ಯೆ ಕಲಿಸಿದವರು ಮೇಷ್ಟ್ರು. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ನಕ್ಷೆಗಾರರನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ನಿವೃತ್ತರಾದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಆಮೇಲೆ ಆ ಕುರ್ಚಿಯಲ್ಲಿ ಯಾರೂ ನೆಲೆಯಾಗಿ ಕೂರಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ನಕ್ಷೆ ಬರೆದಿದ್ದ ಫ್ಯಾನ್ ಪೆಟ್ಟಿಗೆಗೆ ಹೊಸ ಆರ್ಡರ್ ಬಂತು. ಫೈಲು ತೆರೆದಳು. ಮಡಚಿದ ರೂಪವೇನೋ ಅಚ್ಚುಕಟ್ಟಾಗಿತ್ತು. ಬಿಡಿಸಲು ಹೋದರೆ ಮೂರು ಗೋಡೆಗಳು ಮಲಗಿದವು, ನಾಲ್ಕನೆಯದು ನೆಟ್ಟಗೆ ನಿಂತೇ ಇತ್ತು. ಹಿಗ್ಗಿಸಿ ನೋಡಿದಳು. ಆ ಗೋಡೆಯನ್ನು ಹಾಳೆಯಿಂದ ಬಗ್ಗಿಸಿ ಎಬ್ಬಿಸಿರಲಿಲ್ಲ. ಬೇರೊಂದು ಹಲಗೆ ತಂದು ಅಂಟಿಸಿದ ಹಾಗಿತ್ತು. ಮೂಲೆಯಲ್ಲಿ ಕೂದಲೆಳೆಯಷ್ಟು ಸಂದೂ ಇಲ್ಲ. ಹೊಸದಾಗಿ ಕಲಿಯುವವರು ಮಾಡುವ ತಪ್ಪು. "ಮೂಲೇಲಿ ಸಂದು ಬಿಡಮ್ಮಾ, ತಗಡೂ ಉಸಿರಾಡಬೇಕು" ಎಂದು ಹೇಳಿಕೊಟ್ಟವರೇ ಅವರು!

ಪರದೆಯ ಎಡಗಡೆ ಮೇಷ್ಟ್ರು ಮಾಡಿದ್ದ ಹಂತಗಳು ಸಾಲಾಗಿದ್ದವು. ಅದೇ ಗೋಡೆಯನ್ನು ಬಗ್ಗಿಸಿದ್ದರು, ಬೇಡವೆಂದು ಅಡಗಿಸಿದ್ದರು, ಮತ್ತೆ ಬಗ್ಗಿಸಿದ್ದರು, ಮತ್ತೆ ಅಡಗಿಸಿದ್ದರು. ಆಗಲೇ ಮಾಡಿದ್ದೇನೆ ಎಂಬುದೇ ನೆನಪಿಲ್ಲದವರ ಹಾಗೆ. ಪಕ್ಕದ ಕುರ್ಚಿಯ ಕಡೆ ತಿರುಗಲು ಅವಳಿಗೆ ಧೈರ್ಯ ಬರಲಿಲ್ಲ. ಅವರ ಕೊನೆಯ ವರ್ಷದ ಉಳಿದ ಫೈಲುಗಳನ್ನೂ ತೆರೆದಳು. ಎಲ್ಲೆಲ್ಲೂ ಅದೇ ತಡಕಾಟ.

ಆದರೆ ಈ ಪೆಟ್ಟಿಗೆಗಳೆಲ್ಲ ಸರಿಯಾಗಿಯೇ ಹೊರಗೆ ಹೋಗಿದ್ದವಲ್ಲ? ಎದ್ದು ಕೆಳಗಿಳಿದು, ತಗಡು ಬಗ್ಗಿಸುವ ಯಂತ್ರದ ಹಳೆಯ ಆಪರೇಟರ್ ಹತ್ತಿರ ಹೋದಳು.

"ಅಣ್ಣಾ, ಮೇಷ್ಟ್ರ ಕೊನೇ ನಕ್ಷೆಗಳು ತಪ್ಪಿದ್ವಾ?"

ಆತ ಕೈ ಒರೆಸಿಕೊಂಡ. "ಯಾಕಮ್ಮ ಈಗ ಅದೆಲ್ಲ?"

"ಹೇಳಿ ಅಣ್ಣಾ."

"ತಪ್ಪಿದ್ವು. ನಾನೇ ತಗಡಿನ ಮೇಲೆ ಮೊಳೇಲಿ ಗೀಟು ಹಾಕಿ, ಕತ್ತರಿಸಿ ಸರಿ ಮಾಡ್ಕೊಳ್ತಿದ್ದೆ. ಒಂದಿನ ಊಟದ ಕೋಣೆ ಎಲ್ಲಿದೆ ಅಂತ ನನ್ನೇ ಕೇಳಿದ್ರು ಕಣಮ್ಮ. ಅಷ್ಟು ವರ್ಷ ಜೊತೇಲಿ ಕೂತು ಉಂಡವರು. ಮೇಲಿನವರಿಗೆ ಹೇಳಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಮನಸ್ಸು ಬರಲಿಲ್ಲ."

"ನನಗಾದ್ರೂ ಹೇಳಬಾರದಿತ್ತಾ? ಪಕ್ಕದಲ್ಲೇ ಇದ್ದೆನಲ್ಲ!"

"ತಮಗೆ ಮರೆವು ಅಂತ ಮೇಷ್ಟ್ರಿಗೂ ಗೊತ್ತಾಗಿತ್ತಮ್ಮ. 'ಆ ಹುಡುಗಿಗೆ ಮಾತ್ರ ತಿಳಿಯೋದು ಬೇಡ' ಅಂತ ನನ್ನ ಕೈ ಹಿಡ್ಕೊಂಡಿದ್ರು."

ಅವಳು ಮೆಟ್ಟಿಲ ಕಡೆ ತಿರುಗಿದಳು. ಮೇಲೆ ಬಂದು, ಅಂಟಿಸಿದ್ದ ಗೋಡೆಯನ್ನು ತೆಗೆದಳು, ಅದೇ ಹಾಳೆಯಿಂದ ಹೊಸದಾಗಿ ಬಗ್ಗಿಸಿದಳು, ಮೂಲೆಯಲ್ಲಿ ಸಂದು ಬಿಟ್ಟಳು. ಪೆಟ್ಟಿಗೆ ತಣ್ಣಗೆ ಬಿಚ್ಚಿಕೊಂಡು ಮಲಗಿತು. ಮೇಷ್ಟ್ರ ತಡಕಾಟದ ಹಂತಗಳನ್ನು ಅಳಿಸಲು ಕೈ ಬರಲಿಲ್ಲ. ಆದರೂ ಅಳಿಸಿದಳು. ದಿನಗಟ್ಟಲೆ ಕೂತು ಉಳಿದ ಫೈಲುಗಳನ್ನೂ ಹಾಗೇ ಸರಿಪಡಿಸಿದಳು. ಆ ದಿನಗಳಲ್ಲಿ ಒಮ್ಮೊಮ್ಮೆ ಪಕ್ಕದಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತಾಗುತ್ತಿತ್ತು. ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಕೆಲಸ ಮುಗಿದ ದಿನ ಮತ್ತೆ ಯಂತ್ರದ ಬಳಿ ಹೋದಳು. "ಅಣ್ಣಾ, ನಾಳೆ ನನ್ನ ನಕ್ಷೆ ತಪ್ಪಿದ್ರೆ ಮುಚ್ಚಿಡಬೇಡಿ. ನನಗೇ ಹೇಳಿ."

"ಆಗಲಮ್ಮ" ಎಂದ ಆತ. ಆದರೆ ಅವಳ ಮುಖ ನೋಡಲಿಲ್ಲ. ಯಂತ್ರದ ಕಡೆ ತಿರುಗಿ, ಆಗಲೇ ಸರಿಯಾಗಿದ್ದ ತಗಡನ್ನು ಮತ್ತೊಮ್ಮೆ ಸರಿಸಿದ.

ಅಂದಿನಿಂದ ತನ್ನ ಪ್ರತಿ ನಕ್ಷೆಯ ಮೊದಲ ತಗಡು ಬಾಗುವಾಗ ಅವಳು ಕೆಳಗೆ ಹೋಗಿ ನಿಲ್ಲುತ್ತಾಳೆ. ಆತನ ಕೈಯಲ್ಲಿ ಗೀಟು ಹಾಕುವ ಮೊಳೆ ಇದೆಯೇ ಎಂದು ನೋಡುತ್ತಾಳೆ. ಯಾಕೆ ನಿಂತಿದ್ದೀಯ ಎಂದು ಆತ ಇದುವರೆಗೂ ಕೇಳಿಲ್ಲ.