ಹಸಿ ಮಣ್ಣಿಗೆ ನಿಲ್ಲದ ಚೀಲ

ನಮ್ಮಮ್ಮ ಗುಬ್ಬಿ ಊರಿನ ಮನೆಯ ಹಿತ್ತಲಲ್ಲಿ ಪಪ್ಪಾಯಿ ಸಸಿ ಬೆಳೆಸಿ ಸುತ್ತಲಿನ ಊರಿನವರಿಗೆ ಕೊಡುತ್ತಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳ ಹಿತ್ತಲಿಗೂ ಕಪ್ಪು ಪ್ಲಾಸ್ಟಿಕ್ ಚೀಲ ಬಂತು. ನೆಡುವಾಗ ಚೀಲ ಹರಿದರೆ ಮಣ್ಣು ಉದುರಿ ಎಳೆ ಬೇರು ತುಂಡಾಗುತ್ತಿತ್ತು. "ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀಯಲ್ಲ, ಮಣ್ಣಲ್ಲೇ ಕರಗೋ ಚೀಲ ಮಾಡ್ಕೊಡೇ ನೋಡಣ," ಅಂದಳು ಒಂದು ಭಾನುವಾರ. ಅವಳು ತಮಾಷೆಗೆ ಅಂದಿದ್ದನ್ನು ನಾನು ನಿಜ ಮಾಡಿಕೊಂಡೆ.

ತುಮಕೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮರಗೆಣಸಿನ ಹಿಟ್ಟನ್ನು ನೀರಲ್ಲಿ ಕುದಿಸಿ ಗಂಜಿ ಮಾಡಿದೆ. ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ಒಣಗಿಸಿದರೆ ಗಾಜಿನಂಥ ಹಾಳೆ ಬಂತು. ಖುಷಿಯಿಂದ ಎತ್ತಿದೆ. ಹಪ್ಪಳದ ಹಾಗೆ ಪಟ್ಟನೆ ಮುರಿಯಿತು.

ಪಿಷ್ಟದ ಉದ್ದುದ್ದ ಎಳೆಗಳು ಒಣಗುವಾಗ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ನಡುವೆ ಗ್ಲಿಸರಿನ್ ಸೇರಿದರೆ ಎಳೆಗಳು ಜಾರಾಡುತ್ತವೆ, ಹಾಳೆ ಬಾಗುತ್ತದೆ. ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದೆ. ಹಾಳೆ ಬಾಗಿತು ನಿಜ. ಆದರೆ ಅದರ ಪಟ್ಟಿ ಕತ್ತರಿಸಿ, ಕ್ಲಿಪ್ ಹಾಕಿ ತೂಗುಬಿಟ್ಟು, ತಕ್ಕಡಿಯ ಹಿತ್ತಾಳೆ ತೂಕದ ಬಟ್ಟುಗಳನ್ನು ಒಂದೊಂದಾಗಿ ಏರಿಸಿದರೆ, ಗ್ಲಿಸರಿನ್ ಇಲ್ಲದ ಹಾಳೆ ತಾಳುತ್ತಿದ್ದ ಭಾರದ ಅರ್ಧಕ್ಕೇ ಹರಿಯುತ್ತಿತ್ತು. ಗ್ಲಿಸರಿನ್ ಕಡಿಮೆ ಮಾಡಿದರೆ ಮುರಿಯೋದು, ಜಾಸ್ತಿ ಮಾಡಿದರೆ ಕೈಗೆ ಅಂಟೋದು. ಬಲ ಬರಲಿ ಅಂತ ತೆಂಗಿನ ನಾರಿನ ಪುಡಿ ಬೆರೆಸಿದೆ. ಪುಡಿ ಗಂಟು ಕಟ್ಟಿದ ಜಾಗದಿಂದಲೇ ಬಿರುಕು ಶುರುವಾಯಿತು. ನೀರು ತಡೆಯಲಿ ಅಂತ ಹರಳೆಣ್ಣೆ ಹಾಕಿದೆ. ಅದು ಬೆರೆಯಲೊಲ್ಲದೆ ಬೆವರಿನಂತೆ ಮೇಲೆ ಜಿನುಗಿತು. ಎಷ್ಟೋ ಸಲ ತಟ್ಟೆ ಬಿಸಾಡುವಷ್ಟು ಸಿಟ್ಟು ಬರುತ್ತಿತ್ತು.

ನಾರನ್ನು ವಸ್ತ್ರಗಾಳಿಸಿ ಚಿಟಿಕೆಯಷ್ಟೇ ಬೆರೆಸಿದಾಗ ಕೊನೆಗೊಂದು ಹಾಳೆ ಬಾಗಿಯೂ ನಿಂತಿತು. ಬೇಸಿಗೆಯ ಒಣಹವೆಯಲ್ಲಿ ಬಟ್ಟುಗಳನ್ನೆಲ್ಲ ಹೊತ್ತಿತು. ನಮ್ಮ ವಿಭಾಗದ ಮುಖ್ಯಸ್ಥರು ಬಂದು ನೋಡಿ, "ಭೇಷ್ ಕಣಮ್ಮ! ವಾರ್ಷಿಕ ವರದಿಲಿ ಹಾಕೋಣ," ಅಂದರು.

ಮಳೆ ಶುರುವಾದ ಮೇಲೆ ಇಪ್ಪತ್ತು ಚೀಲ ಅಂಟಿಸಿ, ಬಸ್ಸಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕುಣಿಗಲ್ಲಿಗೆ ಒಯ್ದೆ. ಅಲ್ಲಿ ಕೆರೆಯ ಹತ್ತಿರ ನರ್ಸರಿ ನಡೆಸುತ್ತಿದ್ದವರು ಅಮ್ಮನಿಗೆ ಪರಿಚಯ. ಮಣ್ಣು ತುಂಬಿ, ಸಸಿ ಇಟ್ಟು, ನೀರು ಹಾಕಿದೆವು. ನಾಲ್ಕನೇ ದಿನ ಹೋದರೆ ಒಂದೂ ನಿಂತಿರಲಿಲ್ಲ. ಹಸಿ ಗಾಳಿಯ ನೀರನ್ನೆಲ್ಲ ಗ್ಲಿಸರಿನ್ನೇ ಎಳೆದುಕೊಂಡು ಚೀಲ ಮೆತ್ತಗಾಗಿ ಜಗ್ಗಿತ್ತು. ಉಳಿದದ್ದಕ್ಕೆ ಇರುವೆ ಮುತ್ತಿತ್ತು.

"ಮೇಡಂ, ಕರಗೋದ್ ಚೆನ್ನಾಗೇ ಕರಗ್ತದೆ. ನಿಲ್ಲೋದೇ ಇಲ್ವಲ್ಲ," ಅಂದರು ಆ ನರ್ಸರಿಯವರು. ಅಣಕವೇನೂ ಇರಲಿಲ್ಲ ಅವರ ಮಾತಲ್ಲಿ. ಅದೇ ಇನ್ನೂ ಚುಚ್ಚಿತು.

ಇಷ್ಟಾದರೂ ಮುಖ್ಯಸ್ಥರು ವರದಿಯಲ್ಲಿ 'ಪ್ರಯೋಗ ಯಶಸ್ವಿ' ಅಂತಲೇ ಬರೆದಿದ್ದರು. ಸಹಿಗೆ ಕರೆದಾಗ ನಾನು ಹೇಳಿದೆ, "ಸರ್, ಕುಣಿಗಲ್ಲಲ್ಲಿ ನಿಲ್ಲಲಿಲ್ಲ."

"ಲ್ಯಾಬಲ್ಲಿ ನಿಂತಿತಲ್ಲ? ಕುಣಿಗಲ್ ಕತೆ ಯಾರಿಗ್ರೀ ಬೇಕು?"

"ಸಸಿ ನೆಡೋದು ಲ್ಯಾಬಲ್ಲಲ್ಲ ಸರ್."

ಅವರ ಮುಖ ಬಿಗಿಯಿತು. ನಾನು ಸಹಿ ಮಾಡಲಿಲ್ಲ. 'ಒಣಹವೆಯಲ್ಲಿ ಭಾರ ತಾಳಿತು, ತೇವದಲ್ಲಿ ತಾಳಲಿಲ್ಲ' ಅಂತ ತಿದ್ದಿ ಬರೆದುಕೊಟ್ಟೆ. ಅವರು ಆ ಪ್ಯಾರಾವನ್ನೇ ಹೊಡೆದುಹಾಕಿದರು. ಮುಂದಿನ ವರ್ಷ ಪಾಠ ಮುಗಿದ ಮೇಲೆ ಲ್ಯಾಬಿನ ಬೀಗದ ಕೈ ನನಗೆ ಸಿಗಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ನೆಪ.

ಅಮ್ಮನಿಗೆ ಹೇಳಿಕೊಂಡು ಅತ್ತೆ. "ನಾನೊಂದ್ ಮಾತ್ ಅಂದಿದ್ದಕ್ಕೆ ಇಷ್ಟೆಲ್ಲ ಮಾಡ್ಕೊಂಡ್ಯಾ? ಬುಡು ಅತ್ಲಾಗೆ," ಅಂದಳು. ಬಿಡುವುದು ನನ್ನಿಂದಾಗಲಿಲ್ಲ. ಇನ್ನೂ ಎರಡು ಬೇಸಿಗೆ ಮನೆಯ ಸ್ಟೌವ್ ಮೇಲೆ ಗಂಜಿ ಕುದಿಸಿದೆ. ಮೇಣ ಸವರಿದೆ, ಸುಣ್ಣದ ತಿಳಿ ಬೆರೆಸಿದೆ. ಎರಡು ತಿಂಗಳು ಕಪಾಟಿನಲ್ಲಿಟ್ಟರೆ ಬಾಗುತ್ತಿದ್ದ ಹಾಳೆಯೂ ಗರಿಗರಿಯಾಗಿ ಒಡೆಯುತ್ತಿತ್ತು. ಯಾಕೆ ಅಂತ ಕೇಳೋಣವೆಂದರೆ ತುಮಕೂರಿನಲ್ಲಿ ಅದನ್ನು ಬಲ್ಲವರು ನನಗೆ ಯಾರೂ ಗೊತ್ತಿರಲಿಲ್ಲ.

ಆಮೇಲೆ ಬರೀ ಪಾಠ ಮಾಡಿಕೊಂಡು ಉಳಿದೆ. ಅಮ್ಮ ಬ್ಲೇಡಿನಿಂದ ಚೀಲದ ಬದಿಯನ್ನು ನಿಧಾನಕ್ಕೆ ಸೀಳಿ ಸಸಿ ಬಿಡಿಸುವುದನ್ನು ರೂಢಿಸಿಕೊಂಡಳು, ಬೇರು ತುಂಡಾಗುವುದೂ ಕಡಿಮೆಯಾಯಿತು.