ಮುದುಕನ ಕ್ಯಾಸೆಟ್ಟು, ನನ್ನ ಲೈಸೆನ್ಸು

ಹೋದ ವಾರ ಅಟ್ಲಾಂಟಾದಿಂದ ಒಂದು ಲಕೋಟೆ ಬಂತು. ಒಳಗೆ ಮೂಲೆ ಒಡೆದ ಕ್ಯಾಸೆಟ್ ಡಬ್ಬಿ. ತೆರೆದರೆ ಲವಂಗದ ವಾಸನೆ. ‘ಅಕ್ಕನ ಸಾಮಾನಿನಲ್ಲಿ ಸಿಕ್ಕಿತು, ಮೇಲೆ ನಿಮ್ಮ ಹೆಸರಿತ್ತು’ ಎಂದು ಆಂಟಿಯ ತಂಗಿ ಚೀಟಿ ಇಟ್ಟಿದ್ದರು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅಳುವಿಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಅಯ್ಯೋ, ಮತ್ತೆ ಈ ಮುದುಕನೇ!

ತೊಂಬತ್ತರ ದಶಕದಲ್ಲಿ ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಆಂಟಿ ನಮ್ಮ ಪಕ್ಕದ ಮನೆಯವರು. ಹುಬ್ಬಳ್ಳಿ ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಸದಾ ಬಾಯಲ್ಲಿ ಲವಂಗ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹಾಲು ಬೇಕಾದರೂ ಗಂಡ ಆಫೀಸಿನಿಂದ ಬರಬೇಕು. ಕಾಲೇಜಿನ ಸಂಜೆ ಕ್ಲಾಸಿಗೆ ಸೀಟು ಸಿಕ್ಕಿತ್ತು, ಅಲ್ಲಿಗೆ ಬಸ್ಸಿರಲಿಲ್ಲ. ಕ್ಲಾಸು ಶುರುವಾಗುವುದರೊಳಗೆ ಲೈಸೆನ್ಸ್ ಬೇಕೇ ಬೇಕಿತ್ತು. ಕಲಿಸುತ್ತೇನೆ ಎಂದು ಆಂಟಿ ಮುಂದೆ ಬಂದರು.

ಕಾರು ಶುರುವಾದರೆ ಕ್ಯಾಸೆಟ್ಟೂ ಶುರು. ವಯಸ್ಸಾದ ಒಬ್ಬ ಕಂಟ್ರಿ ಗಾಯಕ, ಅಂದರೆ ಅಲ್ಲಿಯ ಹಳ್ಳಿಗಾಡಿನ ಹಾಡುಗಾರ, ತನ್ನ ಕೊನೆಗಾಲದಲ್ಲಿ ಬೇರೆಯವರ ಹಾಡುಗಳನ್ನೇ ಆರಿಸಿ ಹಾಡಿದ ಆಲ್ಬಮ್ಮು. ಒಂದು ಗಿಟಾರು, ಒಡೆದ ಗಂಟಲು. ಅರ್ಧ ಹಾಡುತ್ತಿದ್ದ, ಇನ್ನರ್ಧ ಮಾತಾಡುತ್ತಿದ್ದ.

“ಆಂಟಿ, ಆಫ್ ಮಾಡಿ ಪ್ಲೀಸ್. ಧ್ವನಿಯೂ ಇಲ್ಲ, ಹಾಡೂ ಅವನದಲ್ಲ.”

“ಈ ಕಾರು ನಿಂದೇನು? ಇನ್ನೊಬ್ಬರ ಗಾಡಿ ನೀ ಹೊಡ್ಯಾಕ ಹತ್ತಿಲ್ಲೇನು? ಸುಮ್ಮನ ಮುಂದ ನೋಡು.”

ಮೊದಲ ಹಾಡು ಮುಗಿಯುವ ತನಕ ಪಾರ್ಕಿಂಗ್ ಲಾಟ್ ಸುತ್ತಬೇಕು. ಎರಡನೆಯದಕ್ಕೆ ಬೀದಿಯ ಕೊನೆಯ ಸ್ಟಾಪ್ ಸೈನಿನವರೆಗೆ. “ಅಂವ ಉಸಿರು ತಗೊಳ್ಳೋತನಕ ಬ್ರೇಕ್ ಬಿಡಬ್ಯಾಡ!” ಹಾಡಿಗಿಂತ ಬೇಗ ತಲುಪಿದರೆ ಇನ್ನೊಂದು ಸುತ್ತು. ನನಗೋ ಸಾಕು ಸಾಕಾಗಿತ್ತು. ಮನೆಯಲ್ಲಿ ಸಾರು ಕುದಿಸುವಾಗಲೂ ಅವನು ನನ್ನ ಕಿವಿಯಲ್ಲಿ ರಾಗ ಎಳೆಯುತ್ತಲೇ ಇರುತ್ತಿದ್ದ...

ಟೆಸ್ಟಿನ ದಿನ ಆಂಟಿಯ ಕಾರನ್ನೇ ಒಯ್ದೆ. ಪರೀಕ್ಷೆ ಮಾಡುವವನು ಪಕ್ಕದಲ್ಲಿ ಕೂತು, ಕೈ ಚಾಚಿ ಹಾಡು ನಿಲ್ಲಿಸಿದ. ಆ ಕಾರಿನಲ್ಲಿ ಅಂಥ ಮೌನ ನಾನು ಕಂಡಿರಲಿಲ್ಲ. ಸ್ಟಾಪ್ ಸೈನ್ ಬಂತು. ಮುದುಕನ ಉಸಿರು ಕೇಳಿಸದೆ ಎಷ್ಟು ಹೊತ್ತು ನಿಲ್ಲಬೇಕೋ ತಿಳಿಯಲಿಲ್ಲ. ನಿಂತೂ ನಿಲ್ಲದ ಹಾಗೆ ಮುಂದೆ ಹೋಗಿಬಿಟ್ಟೆ. ಫೇಲು. ಆ ಸಲದ ಕ್ಲಾಸೂ ಹೋಯಿತು.

“ನಿಮ್ಮ ಮುದುಕನಿಂದಲೇ ಫೇಲ್ ಆದೆ! ಅವನಿಗೂ ಬೇರೆ ಕೆಲಸವಿಲ್ಲ, ನಿಮಗೂ ಇಲ್ಲ” ಎಂದು ಲೈಸೆನ್ಸ್ ಆಫೀಸಿನ ಮುಂದೆಯೇ ಕೂಗಾಡಿದೆ. ಆಂಟಿ ಕ್ಯಾಸೆಟ್ಟು ತೆಗೆದು, ಪರ್ಸಿನಲ್ಲಿ ಲವಂಗದ ಪೊಟ್ಟಣದ ಪಕ್ಕ ಇಟ್ಟುಕೊಂಡರು.

“ಆತು. ನಾಳೆ ಆರಕ್ಕ ಬಾ.”

ಆಮೇಲೆ ಕಲಿತದ್ದೆಲ್ಲ ಸದ್ದಿಲ್ಲದೆ. ಎರಡನೇ ಸಲ ಪಾಸಾದೆ, ಮುಂದಿನ ಟರ್ಮಿಗೆ ಕ್ಲಾಸಿಗೂ ಸೇರಿದೆ. ಅವರು ಬೇರೆ ಕೆಲಸ ಹಿಡಿದು ಅಟ್ಲಾಂಟಾಕ್ಕೆ ಹೋದರು. ಫೋನಿನಲ್ಲಿ ಪ್ರತಿ ಸಲ ಅದೇ ಮಾತು: “ಗಾಡಿ ಹೊಡಕೊಂಡು ಬಾ. ಮುದುಕನ್ನ ಹದಿನೈದು ಸಲ ಕೇಳಿದರ ನಮ್ಮ ಮನಿ ಬಂದ ಬಿಡ್ತದ.” ಮುಂದಿನ ಬೇಸಿಗೆಗೆ ಖಂಡಿತ ಎನ್ನುತ್ತಿದ್ದೆ. ಎಷ್ಟು ಬೇಸಿಗೆ ಹೋದವೋ... ಅಂದು ಕೂಗಾಡಿದ್ದಕ್ಕೆ ತಪ್ಪಾಯಿತು ಎಂದೂ ಹೇಳಲಿಲ್ಲ. ಎದುರಿಗೆ ಕೂತು ಹೇಳೋಣ ಎಂದುಕೊಂಡಿದ್ದೆ.

ಡಬ್ಬಿಯೊಳಗಿನ ಹಾಳೆಯಲ್ಲಿ ಪ್ರತಿ ಹಾಡಿನ ಪಕ್ಕ ಪೆನ್ಸಿಲಿನಲ್ಲಿ ಆಂಟಿಯ ಕನ್ನಡ ಅಕ್ಷರ. ಒಂದಕ್ಕೆ ‘ಪಾರ್ಕಿಂಗ್ ಲಾಟ್’. ಎರಡಕ್ಕೆ ‘ಸ್ಟಾಪ್. ಅವಸರ ಮಾಡ್ತಾಳ.’ ಮೂರಕ್ಕೆ ‘ರಿವರ್ಸ್.’ ಕಟ್ಟಕಡೆಯ ಹಾಡಿಗೆ, ‘ಇದಕ್ಕ ನಾ ಕಣ್ಣು ಮುಚ್ಚಿ ಕೂಡ್ತೀನಿ. ಆಕಿ ಹೊಡೀಲಿ.’

ಆ ಹಾಡಿನ ತನಕ ನಾವು ಹೋಗಲೇ ಇಲ್ಲ. ಈಗ ಹೋಗೋಣವೆಂದರೆ ನನ್ನ ಕಾರಿನಲ್ಲಿ ಕ್ಯಾಸೆಟ್ಟು ಹಾಕುವ ಜಾಗವೇ ಇಲ್ಲ, ಆಂಟಿ. ಏನು ಮಾಡಲಿ, ನೀವೇ ಹೇಳಿ.