ಷರೀಫ್ ಸಾಬರ ನಾದದ ಡಬ್ಬಿ

ಶಿರಾದ ಅಹಮದ್ ಷರೀಫ್ ಸಾಬರದು ರೇಡಿಯೋ ರಿಪೇರಿ ಅಂಗಡಿ. ಇನ್ನೊಬ್ಬರು ಮಾಡಿದ್ದನ್ನು ಇಪ್ಪತ್ತು ವರ್ಷ ಬಿಚ್ಚಿ, ಜೋಡಿಸಿ ಅವರಿಗೆ ಸಾಕುಸಾಕಾಗಿತ್ತು. ತಾನೇ ಮಾಡಿದ್ದು ಅಂತ ಒಂದಿರಬೇಕು, ನಾಲ್ಕು ಜನ ಅದನ್ನು ‘ಷರೀಫ್ ಮಾಡಿದ್ದು’ ಅನ್ನಬೇಕು, ಇಷ್ಟೇ ಆಸೆ. ಆ ಮನುಷ್ಯ ಕೇಳಿದ್ದು ಇಷ್ಟೇ ಕಣ್ರೀ, ಅರಮನೆಯನ್ನೇನೂ ಕೇಳಲಿಲ್ಲ.

೧೯೬೪ರಲ್ಲಿ ಅವರು ಕೆಟ್ಟ ರೇಡಿಯೋಗಳಿಂದ ಟ್ರಾನ್ಸಿಸ್ಟರು ಕಿತ್ತು ಒಂದು ಡಬ್ಬಿ ಕಟ್ಟಿದರು. ಹಳೇ ಹಾರ್ಮೋನಿಯಂನ ಮನೆಗಳನ್ನು ಅದಕ್ಕೆ ಜೋಡಿಸಿದ್ದರು. ಒತ್ತಿದರೆ ಸ್ವರ ಹೊರಡುತ್ತಿತ್ತು. ಪಾವಗಡದಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ರೇಣುಕಯ್ಯ ಮೈಕು ರಿಪೇರಿಗೆಂದು ಬಂದವರು ಅದನ್ನು ಕೇಳಿ ಬಿದ್ದುಬಿದ್ದು ನಕ್ಕರು.

“ಇದೇನ್ ಸಾಬ್ರೇ, ಮಿಲ್ಲಿನ ಸೈರನ್ ಕೂಗ್ದಂಗದೆ! ನಾದ ಅಂದ್ಮ್ಯಾಕೆ ಹುಟ್ಬೇಕು, ಬಾಳ್ಬೇಕು, ಸಾಯ್ಬೇಕು.”

ಆ ಮಾತು ಸಾಬರ ತಲೆಹೊಕ್ಕಿತು. ಮಾರನೇ ದಿನದಿಂದ ಅದೇ ಗೀಳು. ಕೊಡಕ್ಕೆ ನೀರು ತುಂಬಿದಂತೆ ಒಂದು ಕಂಡೆನ್ಸರಿಗೆ ಕರೆಂಟು ತುಂಬಿಸಿ, ಅದು ಸೋರುವುದಕ್ಕೆ ಒಂದು ಟ್ರಾನ್ಸಿಸ್ಟರಿನ ದಾರಿ ಬಿಟ್ಟರು. ಕೊಡ ತುಂಬುವಾಗ ಸ್ವರದ ಸದ್ದು ಏರಬೇಕು, ತೂತಿನಿಂದ ಸೋರುವಾಗ ಇಳಿಯಬೇಕು, ಇದು ಲೆಕ್ಕಾಚಾರ. ತೂತು ಎಷ್ಟು ದೊಡ್ಡದಾಗಬೇಕು ಅನ್ನುವುದನ್ನು ಇನ್ನೊಂದು ವೋಲ್ಟೇಜು ಹೇಳುತ್ತಿತ್ತು. ಆ ವೋಲ್ಟೇಜು ಕಾಲಡಿಯ ಹಲಗೆಯ ಹಿಡಿತದಲ್ಲಿತ್ತು. ಹಲಗೆ ಒತ್ತಿದರೆ ಸ್ವರ ಮೆಲ್ಲಗೆ ಕರಗುತ್ತಿತ್ತು, ಬಿಟ್ಟರೆ ಥಟ್ಟನೆ ನಿಲ್ಲುತ್ತಿತ್ತು. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಸುಟ್ಟ ಬೆರಳುಗಳು ಕಲಿಸಿದ್ದು.

ನಾಟಕವಿಲ್ಲದ ದಿನ ರೇಣುಕಯ್ಯ ಕಂಚಿನ ಜಾಗಟೆ ಹೊತ್ತು ಬರುತ್ತಿದ್ದರು. ಜಾಗಟೆ ಹೊಡೆದು, ಕಣ್ಣುಮುಚ್ಚಿ, “ಇಂಗೆ ಇಳೀಬೇಕು, ಇನ್ನೂ ಒಂಚೂರು ತಡೀಲಿ” ಅನ್ನುವರು. ಸಾಬರು ಮತ್ತೆ ಬೆಸುಗೆ ಬಿಚ್ಚುವರು. ಮೇಷ್ಟ್ರು ಮಾಂಸ ಮುಟ್ಟದವರೆಂದು ಸಾಬರ ಹೆಂಡತಿ ಮೆಹರುನ್ನಿಸಾ ಅವರಿಗಾಗಿಯೇ ಹೊಸ ಪಾತ್ರೆ ಕೊಂಡು, ಅದರಲ್ಲಿ ಸೊಪ್ಪಿನ ಸಾರು ಮಾಡಿ ಬಡಿಸಿದರು. ಎಂಟು ತಿಂಗಳು ಹೀಗೇ ನಡೆಯಿತು.

ಆ ಕಂಪನಿಯಲ್ಲೊಂದು ಪದ್ಧತಿ. ಹೊಸ ನಾಟಕದ ಮೊದಲ ದಿನ, ಪರದೆ ಏಳುವ ಮುಂಚೆ, ಯಜಮಾನ ಕದಿರಯ್ಯ ಪರದೆ ಬರೆದವರನ್ನೂ ಕಿರೀಟ ಮಾಡಿದವರನ್ನೂ ಹೆಸರು ಕೂಗಿ ಕರೆದು ತಾಂಬೂಲ ಕೊಡುತ್ತಿದ್ದರು.

“ಈ ಸಲ ನಿಮ್ಮೆಸ್ರೇ ಕೂಗುಸ್ತೀನಿ ಕಣಣ್ಣ. ನನ್ ಆರ್ಮೋನಿ ಪೆಟ್ಗೆ ಮ್ಯಾಲಾಣೆ” ಎಂದರು ರೇಣುಕಯ್ಯ, ಹೊಸ ನಾಟಕಕ್ಕೆ ನುಡಿಸಲು ಡಬ್ಬಿಯನ್ನು ಹೊತ್ತೊಯ್ಯುತ್ತ.

ಸಾಬರು ಮದುವೆಯ ಶೇರ್ವಾನಿ ತೆಗೆದು ಹಾಕಿಕೊಂಡರು. ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಗಂಡಹೆಂಡತಿ ದೀಪ ಹಚ್ಚುವ ಹೊತ್ತಿಗೆ ಪಾವಗಡ ಸೇರಿದರು. ಪರದೆಯವರಾಯಿತು, ಕಿರೀಟದವರಾಯಿತು. ಆಮೇಲೆ ಕದಿರಯ್ಯ ಕೂಗಿದರು: “ಈ ನಾದಯಂತ್ರ ಸ್ವಂತ ಬುದ್ಧಿಯಿಂದ ಮಾಡಿದೋರು ನಮ್ಮ ರೇಣುಕಯ್ಯ ಮೇಷ್ಟ್ರು!”

ಅರ್ಧ ಎದ್ದಿದ್ದ ಸಾಬರು ಹಾಗೇ ಕೂತರು. “ಅದು ನಿಮ್ದಲ್ವಾ ಜೀ?” ಎಂದು ಮೆಹರುನ್ನಿಸಾ ಕೇಳಿದರು.

ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಕೇಳಿದರು. ರೇಣುಕಯ್ಯ ಕಣ್ಣು ತಗ್ಗಿಸಲೂ ಇಲ್ಲ. “ತಂತಿ ಸುತ್ತೋ ಕೈ ಊರಿಗೆ ಹತ್ತವೆ ಸಾಬ್ರೇ. ನಾದ ಹೆಂಗಿರ್ಬೇಕು ಅಂದೋನು ನಾನಲ್ವಾ?” ಕಳ್ಳನಿಗಾದರೆ ಕದ್ದೆನೆಂಬ ಅಳುಕಿರುತ್ತದೆ. ಈತ ನಿಜವಾಗಿಯೂ ಹಾಗೆಂದು ನಂಬಿಬಿಟ್ಟಿದ್ದ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಗುವುದು ಹೊಸದಲ್ಲ, ಆದರೆ ಈ ಹಾವಿಗೆ ಎಂಟು ತಿಂಗಳು ಮನೆಯಲ್ಲೇ ಸಾರು ಬಡಿಸಿದ್ದರು.

ವಾರವಾಗಿರಲಿಲ್ಲ, ರೇಣುಕಯ್ಯ ಅಂಗಡಿ ಮುಂದೆ ಬಂದು ನಿಂತರು. ರಾಣಿ ಗೋಳಾಡುವ ಸೀನಿನಲ್ಲಿ ಸ್ವರ ಉಳಿಯದೆ ‘ಪೆಕ್ ಪೆಕ್’ ಎಂದು ಕಡಿದುಹೋಗಿ, ಟೆಂಟೆಲ್ಲ ನಕ್ಕಿತಂತೆ. ಸರಿಹೋಗದಿದ್ದರೆ ಗಂಟುಮೂಟೆ ಕಟ್ಟು ಎಂದಿದ್ದರಂತೆ ಕದಿರಯ್ಯ.

“ಸ್ಟೇಜ್ ಮೇಲೆ ನನ್ನ ಹೆಸ್ರು ಕೂಗ್ಬೇಕು, ಎಲ್ಲಾರ ಎದ್ರಿಗೆ” ಎಂದರು ಸಾಬರು.

“ಕೂಗುಸ್ದೆ ಅಂತ್ಲೇ ತಿಳ್ಕಳ್ಳಿ. ಮಕ್ಳಾಣೆ.”

“ಅವರ ಮಾತು ಕೇಳಿ ಮತ್ತೆ ಹೋಗ್ತೀರಾ?” ಎಂದು ಮೆಹರುನ್ನಿಸಾ ಸಿಡುಕಿದರು. “ಅವ್ರಿಗೋಸ್ಕರ ಅಲ್ಲಮ್ಮ, ಆ ಡಬ್ಬಿ ನಂದು. ಅದನ್ನ ಕೇಳಿ ಜನ ನಗ್ತಾವ್ರೆ” ಎಂದು ಸಾಬರು ಬಸ್ಸು ಹತ್ತಿದರು.

ನಾಟಕದ ಹೊತ್ತಿನಂತೆಯೇ ದೀಪ ಹಚ್ಚಿಸಿ ನುಡಿಸಿ ನೋಡಿದರು, ತಪ್ಪು ಕಣ್ಣಿಗೆ ಬೀಳಲು ಹೆಚ್ಚು ಹೊತ್ತಾಗಲಿಲ್ಲ. ಎಲ್ಲರಿಗೂ ಕಾಣಲಿ ಎಂಬ ಜಂಬಕ್ಕೆ ಮೇಷ್ಟ್ರು ಡಬ್ಬಿಯನ್ನು ಗ್ಯಾಸ್‌ಲೈಟಿನ ಕೆಳಗೇ ಇಟ್ಟಿದ್ದರು. ಕಾವಿಗೆ ಟ್ರಾನ್ಸಿಸ್ಟರು ಮಿತಿಮೀರಿ ಸೋರಿ, ಸ್ವರ ಹುಟ್ಟುತ್ತಲೇ ಸಾಯುತ್ತಿತ್ತು. ಸಾಬರು ಡಬ್ಬಿಯನ್ನು ನೆರಳಿಗೆ ಸರಿಸಿ, ತಗಡಿನ ಸುತ್ತ ಒದ್ದೆ ಗೋಣಿ ಸುತ್ತಿ, ಕಾವು ಇಳಿದ ಮೇಲೆ ಹಲಗೆ ತುಳಿದು ಒಂದು ಮನೆ ಒತ್ತಿದರು. ಸ್ವರ ಏರಿ, ನಿಂತು, ತಡೆದು ತಡೆದು ಇಳಿಯಿತು. ಅವರ ಕಣ್ಣು ಒದ್ದೆಯಾಯಿತು.

ಸಂಜೆ ಪರದೆಯ ಮುಂದೆ ಕದಿರಯ್ಯ ನಿಂತರು. ರೇಣುಕಯ್ಯ ಅವರ ಕಿವಿಯಲ್ಲಿ ಏನೋ ಹೇಳಿದರು.

“ಮಹಾಜನಗಳೇ, ನಮ್ಮ ಮೇಷ್ಟ್ರು ಮಾಡಿದ ಯಂತ್ರ ಕೆಟ್ಟೋಗಿತ್ತು. ಶಿರಾದಿಂದ ಬಂದು ಅದನ್ನ ರಿಪೇರಿ ಮಾಡ್ಕೊಟ್ಟ ಅಹಮದ್ ಷರೀಫ್ ಸಾಬ್ರಿಗೆ ತಾಂಬೂಲ!”

ಚಪ್ಪಾಳೆ ಬಿತ್ತು. ಟೆಂಟೆಲ್ಲ ತಿರುಗಿ ನೋಡುತ್ತಿದ್ದುದರಿಂದ ಸಾಬರು ಹೋಗಲೇಬೇಕಾಯಿತು. ತಾಂಬೂಲ ಕೈಗೆ ಬರುವಾಗ ರೇಣುಕಯ್ಯ ಹತ್ತಿರ ಬಾಗಿ, “ಕೂಗಿಸ್ದೆ ನೋಡಣ್ಣ, ಮಾತು ಉಳುಸ್ಕಂಡೆ” ಎಂದು ಹಲ್ಲುಬಿಟ್ಟರು. ಇನ್ನು ಮೇಲೆ ಅದು ನಾನು ಮಾಡಿದ್ದು ಎಂದು ಸಾಬರು ಹೇಳಿದರೆ ಪಾವಗಡದಲ್ಲಿ ಯಾರೂ ನಂಬುವಂತಿರಲಿಲ್ಲ. ರಿಪೇರಿಯವರೆಂದೇ ಅವರ ಹೆಸರನ್ನು ಮುನ್ನೂರು ಜನ ಕಿವಿಯಾರೆ ಕೇಳಿಯಾಗಿತ್ತು.